ಬಾಯಿಗೆ ಬಿಟ್ಟ ನೀರು

ಅಕ್ಕನ ಹೆಣ ಬೆಟ್ಟ ಹತ್ತಿ ತಿಪ್ಪಕ್ಕನ ಗೇಟಿಗೆ ಬಂತು. ಹಬೆಮನೆ ಕಾಯುವವರು ಕೆಳಗಿಳಿಯುವಂತಿಲ್ಲವಾದ್ದರಿಂದ ಅವರ ಪಾಲಿನ ಮದುವೆ, ಸಾವುಗಳೇ ಮೇಲೆ ಬರುವುದು ಆ ಸೀಮೆಯ ರೂಢಿ. ಒಳಗೆ ಪಿಂಗಾಣಿ ಬಿಲ್ಲೆಗಳು ಕೆಂಡದಂತೆ ಕಾದು, ಹಬೆಯನ್ನು ಸೀಳಿ ಜಲಜನಕ ತೆಗೆಯುತ್ತಿದ್ದವು. ಅವು ತಣ್ಣಗಾದರೆ ಬಿರುಕು ಬಿಡುತ್ತವೆ. ಆಮೇಲೆ ಜಲಜನಕವಿಲ್ಲದೆ ಕೆಳಗಿನ ಊರುಗಳಲ್ಲಿ ಒಲೆ ಉರಿಯುವುದಿಲ್ಲ, ಗಾಡಿ ಓಡುವುದಿಲ್ಲ. ಅಕ್ಕ ಹಾಸಿಗೆ ಹಿಡಿದಾಗಲೂ ತಿಪ್ಪಕ್ಕ ನೋಡಲು ಹೋಗಿರಲಿಲ್ಲ.

“ಬಾಯಿಗೆ ನೀರು ಬಿಡಕ್ಕ, ಬಿಸಿಲೇರ್ತೈತೆ,” ಎಂದ ಗಾಡಿ ಓಡಿಸುವ ಬೋರಯ್ಯ.

ತಿಪ್ಪಕ್ಕ ನಲ್ಲಿಯ ಕಡೆ ಹೋಗಲಿಲ್ಲ. ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಕೊಳವೆಗೆ ಬೊಗಸೆಯೊಡ್ಡಿದಳು. ಉರಿದ ಜಲಜನಕ ಮತ್ತೆ ನೀರಾಗಿ ಅಲ್ಲಿ ತೊಟ್ಟಿಕ್ಕುತ್ತಿತ್ತು.

“ಅಯ್ಯೋ, ಗಾಡಿ ನೀರು ಯಾಕಕ್ಕ?”

“ನಾನು ಕಾಯ್ಸಿದ್ ನೀರೇ ಕಣಪ್ಪ ಅದು.”

ಬೋರಯ್ಯ ಹೆಣದ ಮುಖದ ಮೇಲಿನ ಬಟ್ಟೆ ಸರಿಸಿದ. “ನಿಮ್ಮಕ್ಕ ಒಲೆ ಹಚ್ಚುವಾಗೆಲ್ಲ, ‘ನನ್ ತಂಗಿ ಬಂದ್ಲು’ ಅಂತಿತ್ತು ಕಣಕ್ಕ.”

ತಿಪ್ಪಕ್ಕ ಎದ್ದಳು. ಬೊಗಸೆಯನ್ನು ಅಕ್ಕನ ತುಟಿಗೆ ಹಿಡಿದಳು. ನೀರು ಇನ್ನೂ ಬೆಚ್ಚಗಿತ್ತು.

ಗಾಡಿ ಇಳಿದು ಹೋಯಿತು. ತಿರುವಿನವರೆಗೂ ಟಾರಿನ ಮೇಲೆ ಹನಿಗಳ ಸಾಲು ಉಳಿದು, ಗೇಟಿನ ಕಡೆಯಿಂದ ಒಂದೊಂದಾಗಿ ಆರತೊಡಗಿತು. ಅಷ್ಟರಲ್ಲಿ ಹಬೆ ಇಳಿಯಿತೆಂದು ಒಳಗೆ ಗಂಟೆ ಹೊಡೆಯಿತು. ತಿಪ್ಪಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆ ಮುಚ್ಚಿ ಹಿಡಿದುಕೊಂಡೇ ಒಳಗೆ ಹೋದಳು. ಬಿಲ್ಲೆಗಳ ಕಾವಿಗೆ ಅದು ಬಾಗಿಲಲ್ಲೇ ಒಣಗಿಹೋಯಿತು.