ಆರ್ಗನ್ ನಿಂತಾಗ

ಈಗಲೂ ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದರೆ ನನಗೆ ಸೂಜಿಯ ಭಯವಾಗುವುದಿಲ್ಲ, ಭೀಮನಬೀಡಿನ ನಮ್ಮನೆ ಟೇಪ್‌ರೆಕಾರ್ಡರ್ ನೆನಪಾಗುತ್ತದೆ.

ಚಿಕ್ಕಪ್ಪ ಗುಂಡ್ಲುಪೇಟೆಯ ಗೆಳೆಯನಿಂದ ವಿದೇಶಿ ರಾಕ್ ಆಲ್ಬಮ್ಮೊಂದನ್ನು ತಂದು, ಮನೆಯಲ್ಲಿದ್ದ ಹಳೇ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಮಾಡಿಕೊಂಡಿದ್ದ. ಆ ಬ್ಯಾಂಡಿನವರು ತಮ್ಮ ಕಡೆಯ ಶಾಸ್ತ್ರೀಯ ಸಂಗೀತವನ್ನು ಗಿಟಾರು, ಡ್ರಮ್ಮಿಗೆ ಬಗ್ಗಿಸಿದ್ದರಂತೆ. ಒಂದು ಮಧ್ಯಾಹ್ನ ಅದನ್ನು ಹಾಕಿದಾಗ ಚರ್ಚಿನ ಆರ್ಗನ್ನು ನಡುಮನೆಯ ತೊಲೆಗಳನ್ನೆಲ್ಲ ಗುಂಯ್‌ಗುಡಿಸಿ, ತಟ್ಟನೆ ನಿಂತಿತು. ಆ ಮೌನದೊಳಗಿಂದ ಸಣ್ಣಗೆ ತಾತನ ದನಿ ಬಂತು.

“ಎಲ್ಲಿದ್ದೀಯಮ್ಮೀ? ವಸಿ ನೀರ್ ತಕಬಾ.”

ತಾತನನ್ನು ನಮ್ಮ ಪದ್ಧತಿಯಂತೆ ಹೊಲದಲ್ಲಿ ಕೂರಿಸಿ ಮಣ್ಣು ಮಾಡಿ ಮೂರು ತಿಂಗಳಾಗಿತ್ತು.

ಚಿಕ್ಕಪ್ಪ ಬಿಳಿಚಿಕೊಂಡ. ಅದು ತಾತ ತತ್ವಪದ ಹಾಡಿದ್ದ ಕ್ಯಾಸೆಟ್ಟೆಂದು ಅವನಿಗೆ ಆಗಲೇ ಗೊತ್ತಾಗಿದ್ದು. “ಟೇಪ್ ಅಳಿಸೋ ಎಡ್ಡಿಗೆ ಕೊಳೆ ಹಿಡಿದದೆ ಕಣಮ್ಮಿ, ಹಳೇದು ಪೂರ್ತಿ ಅಳಿಸಿಲ್ಲ. ಒರೆಸಿ ಮೊದ್ಲಿಂದ ಮಾಡ್ಬುಡ್ತೀನಿ” ಎಂದು ನನಗೆ ಹೇಳುತ್ತಾ ಆ ಹೆಡ್ ಒರೆಸಲು ಹತ್ತಿಗೆ ಸ್ಪಿರಿಟ್ ಸುರಿದ. ಅರ್ಧ ನೆಲಕ್ಕೆ ಚೆಲ್ಲಿತು.

ತಲೆಯೆತ್ತಿದರೆ ಅಜ್ಜಿ. ತಾಮ್ರದ ಚೊಂಬಿನ ತುಂಬ ನೀರು ಹಿಡಿದು ಬಂದಿದ್ದಳು.

“ಅದು ರೆಕಾರ್ಡು ಕಣವ್ವ,” ಎಂದ ಚಿಕ್ಕಪ್ಪ.

“ಗೊತ್ತು ಕಣ್ಲಾ. ಅಳಿಸ್ಬ್ಯಾಡ. ಮೂರು ತಿಂಗ್ಳಿಂದ ಕೂತೇ ಅವ್ರೆ. ಗಂಟ್ಲು ಒಣಗಿರ್ತದೆ.”

ಸೆರಗನ್ನು ತಲೆಗೆಳೆದುಕೊಂಡು ಬಿಸಿಲಿಗಿಳಿದವಳು ಹೊಲದ ಕಡೆ ನಡೆದಳು. ಚಿಕ್ಕಪ್ಪ ಸ್ಪಿರಿಟ್ ಬಾಟಲಿಗೆ ಮುಚ್ಚಳ ಹಾಕಿದ. ಅವಳು ತಿರುಗಿ ಬಂದಾಗ ಪಾದಕ್ಕೆ ಹಸಿ ಮಣ್ಣು ಮೆತ್ತಿತ್ತು. ಖಾಲಿ ಚೊಂಬನ್ನು ಟೇಪ್‌ರೆಕಾರ್ಡರ್ ಪಕ್ಕ ಇಟ್ಟು, ಗೋಡೆಗೊರಗಿ ಕೂತಳು.

“ಇನ್ನೊಂದ್ಸಲ ಆಕು ಕಣ್ಲಾ. ಇನ್ನೂ ನೀರ್ ಕೇಳ್ತಾರಾ ನೋಡನ.”