ಅಮ್ಮ ಅಜ್ಜಿಗೆ ಕೇಳಿದ ಪ್ರಶ್ನೆ

ಬಿಪಿ ನೋಡುವ ಪಟ್ಟಿಯ ರಬ್ಬರ್ ವಾಸನೆ ಬಂದರೆ ಈಗಲೂ ಹರಿಹರದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಡಿಪ್ಲೊಮಾ ಓದಿದ ನರ್ಸ್. ಕೆಲಸ ಮಾಡುತ್ತಲೇ ಡಿಗ್ರಿಗೆ ಸೇರಿ, ರಜೆಯ ದಿನಗಳಲ್ಲಿ ದಾವಣಗೆರೆಯ ವಿದ್ಯಾನಗರಕ್ಕೆ ಕ್ಲಾಸಿಗೆ ಹೋಗುತ್ತಿದ್ದಳು. “ನೌಕರಿ ಐತಲ್ಲ, ಮತ್ತ್ಯಾಕ ಓದು?” ಎಂದು ಅಪ್ಪನ ತಾಯಿ, ನಮ್ಮಜ್ಜಿ, ಗೊಣಗುತ್ತಿದ್ದಳು.

ಅಂದು ಕಾಲೇಜಿಗಾಗಿ ಒಬ್ಬರ ಆರೋಗ್ಯದ ವಿವರ ಬರೆಯಬೇಕಿತ್ತು. ಅಮ್ಮ ಅಜ್ಜಿಯನ್ನೇ ಕೂರಿಸಿಕೊಂಡು, ಅವಳ ಒರಟು ತೋಳಿಗೆ ಪಟ್ಟಿ ಸುತ್ತಿದಳು. ಅದು ಉಬ್ಬುವುದನ್ನು ಏಳು ವರ್ಷದ ನಾನು ಬೆರಳಿನಿಂದ ಒತ್ತಿ ನೋಡುತ್ತಿದ್ದೆ.

“ಹೆರಿಗೆ ಎಷ್ಟಾಗ್ಯಾವ್ರಿ ಅತ್ತೆ?”

“ಐದು.”

ಅಮ್ಮನ ಪೆನ್ನು ನಿಂತಿತು. ಅಪ್ಪ, ಇಬ್ಬರು ಸೋದರತ್ತೆಯರು. ನಮಗೆ ಗೊತ್ತಿದ್ದದ್ದು ಮೂವರೇ.

“ಇನ್ನಿಬ್ಬರು ಯಾರಜ್ಜಿ?” ಎಂದೆ.

“ಎರಡೂ ಹೆಣ್ಣು. ಒಂದು ಹುಟ್ಟಿದ ದಿನಾನೇ ಹೋತು. ಇನ್ನೊಂದು ನಿನ್ನಷ್ಟಾಗಿತ್ತು, ಜ್ವರ ಬಂತು.” ಅಜ್ಜಿ ಸೆರಗು ಸರಿಮಾಡಿಕೊಂಡು ಅಮ್ಮನಿಗೆ ಹೇಳಿದಳು: “ಇಲ್ಲೀತನ ಯಾರೂ ಕೇಳಿರ್ಲಿಲ್ಲ. ಬರ್ಕೋ.”

“ದೊಡ್ಡಾಕಿ ಹೆಸರೇನಿತ್ರಿ?”

“ಗಂಗವ್ವ.”

ಹೆಸರು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ. ಅಮ್ಮ ಅಂಚಿನಲ್ಲಿ ಸಣ್ಣದಾಗಿ ಬರೆದಳು. ಅಕ್ಷರ ಬಾರದ ಅಜ್ಜಿ ಬಗ್ಗಿ, ಅದನ್ನು ಬಹಳ ಹೊತ್ತು ನೋಡಿದಳು.

ಮುಂದಿನ ಕ್ಲಾಸಿನ ದಿನ ಬೆಳಿಗ್ಗೆ ಅಜ್ಜಿಯೇ ರೊಟ್ಟಿ ಕಟ್ಟಿಕೊಟ್ಟು, “ಬಸ್ ಹೋಗ್ತೈತೆ, ನಡಿ,” ಎಂದು ಅಮ್ಮನನ್ನು ಹೊರಡಿಸಿದಳು.