ಕೊಬ್ಬರಿ ಹೋರಿಯ ಬಾಜಿ

ಅಖಾಡದ ಬಾಯಲ್ಲಿ ಹೋರಿಯ ಹಗ್ಗ ಹಿಡಿದು ನಿಂತ ಚನ್ನೇಶ ಮೊಬೈಲಿನ ಎಐಯನ್ನು ಕೇಳಿದ: ‘ನಮ್ಮ ಹೋರಿ ಯಾರಿಗೂ ಕೊಬ್ಬರಿ ಹರಿಗೊಡದ ಗೆಲ್ತೈತಿ ಅನ್ನೂ ಬಾಜಿಗೆ ಈಗ ದರ ಎಷ್ಟೈತಿ?’

ಮೊಬೈಲು ಜೋರಾಗಿ ಹೇಳಿತು: ‘ಹೋರಿ ಗೆದ್ದರೆ ಒಂದು ರೂಪಾಯಿ ಸಿಗುವ ಬಾಜಿಗೆ ಕೊಳ್ಳುವವರು ಅರವತ್ತು ಪೈಸೆ ಕೊಡುತ್ತಾರೆ, ಮಾರುವವರು ಎಂಬತ್ತು ಕೇಳುತ್ತಾರೆ. ನಡುವಿನ ದರ ಎಪ್ಪತ್ತು; ಅಂದರೆ ಗೆಲ್ಲುವ ಸಾಧ್ಯತೆ ಸುಮಾರು ನೂರಕ್ಕೆ ಎಪ್ಪತ್ತು ಎಂದು ಜನರ ಅಂದಾಜು. ನೀವು ಕಟ್ಟಿರುವ ಬಾಜಿ: ಹೋರಿ ಸೋಲುತ್ತದೆ.’

ಅವನು ಹೋರಿಯ ಕೊರಳಿಗೆ ಸಡಿಲವಾಗಿ ಕಟ್ಟಿದ್ದ ಕೊಬ್ಬರಿ ಹಾರವನ್ನು ಬಿಗಿಯುತ್ತಿದ್ದ ತಾಯಿ ಗುಡ್ಡವ್ವನ ಕೈ ನಿಂತಿತು. ‘ಇಡೀ ಹಾವೇರಿ ಜಿಲ್ಲಾ ನನ್ನ ಹೋರಿ ಗೆಲ್ತೈತಿ ಅಂತೈತಿ. ಹಗ್ಗ ಹಿಡಿದಾವ ನೀನೊಬ್ಬನ ಸೋಲಲಿ ಅಂತೀಯಲ್ಲೋ. ಅದಕ್ಕ ಗಂಟು ಸಡ್ಲ ಬಿಟ್ಟೀಯೇನು?’

‘ಯವ್ವಾ, ಸುಮ್ನ ಆಟಕ್ಕ...’

ಗುಡ್ಡವ್ವ ಹಾರ ಬಿಚ್ಚಿ ಮಗನ ಕೊರಳಿಗೇ ಬಿಗಿದು, ಅವನ ಕೈಯಿಂದ ಹಗ್ಗ ಕಸಿದುಕೊಂಡಳು. ‘ಹೋರಿ ನನ್ನ ಕೂಡ ಮನೀಗೆ ಬರ್ತೈತಿ. ಕೊಬ್ಬರಿ ಹರಿಯಾಕ ಮಂದಿ ಕಾಯಾಕತ್ತಾರ. ನೀ ಓಡು.’